ವರಾಡ್ಕರ್ ನಿಜಕ್ಕೂ ಏನು ಮಾಡಿದರು? ಬೆಳಗಾವಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾವು ಬೆಳಗಾವಿಯವರು. ಮಗಳು ಹೋದ ವರ್ಷ ಡಬ್ಲಿನ್‌ಗೆ ಕೆಲಸಕ್ಕೆ ಹೋದಳು. ಲಿಯೋ ವರಾಡ್ಕರ್ ಐರ್ಲೆಂಡಿನ ಪ್ರಧಾನಿಯಾದಾಗ ನಮ್ಮ ಕಡೆಯವರ ಮಗ ಎಂದು ಮನೆಯಲ್ಲಿ ಎಲ್ಲರೂ ಖುಷಿಪಟ್ಟಿದ್ದೆವು. ಸವಿತಾ ಹಾಲಪ್ಪನವರ ತೀರಿಕೊಂಡ ಮೇಲೆ ಅಲ್ಲಿನ ಗರ್ಭಪಾತದ ಕಾನೂನು ಬದಲಿಸಿದ್ದು ಅವರೇ ಎಂದೂ ಓದಿದ್ದೆ. ಆದರೆ ಮಗಳ ಆಫೀಸಿನಲ್ಲಿ ಅವರ ಹೆಸರೆತ್ತಿದರೆ ಅರ್ಧ ಜನ ಮುಖ ಸಿಂಡರಿಸುತ್ತಾರಂತೆ. ಬಾಡಿಗೆಗೆ ಮನೆ ಸಿಗದಿರುವುದಕ್ಕೆ ಅವರ ಸರ್ಕಾರವೇ ಕಾರಣ ಅನ್ನುತ್ತಾರಂತೆ. ಯಾವುದು ನಿಜ? ಅಷ್ಟು ಚಿಕ್ಕ ವಯಸ್ಸಿಗೇ ಅಧಿಕಾರ ಬಿಟ್ಟಿದ್ದು ಯಾಕೆ?

ಉತ್ತರ:

ನಮಸ್ಕಾರ. ನಿಮ್ಮ ಮಗಳ ಆಫೀಸಿನವರು ಹೇಳುವುದು ನಿಜ. ನೀವು ಓದಿದ್ದೂ ಬಹುಪಾಲು ನಿಜ. ಎರಡಕ್ಕೂ ಸ್ವಲ್ಪ ತಿದ್ದುಪಡಿ ಬೇಕು, ಅಷ್ಟೆ. ಐರ್ಲೆಂಡಿನ ರಾಜಕೀಯವನ್ನು ವರ್ಷಗಟ್ಟಲೆ ಓದುತ್ತಾ, ಪಾಠ ಮಾಡುತ್ತಾ ಬಂದವನು ನಾನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ದಿನದ ಮತದಾನದಲ್ಲೋ ಒಂದು ಮಧ್ಯಾಹ್ನದ ಮಾತುಕತೆಯಲ್ಲೋ ತೀರ್ಮಾನವಾಗುವ ವಿಷಯಗಳಲ್ಲಿ ವರಾಡ್ಕರ್ ತುಂಬಾ ಚೆನ್ನಾಗಿ ಕೆಲಸ ಮಾಡಿದರು. ಹತ್ತು ವರ್ಷ ಪಟ್ಟು ಹಿಡಿದು ಮಾಡಬೇಕಾದ ಕೆಲಸದಲ್ಲಿ, ಅದರಲ್ಲೂ ಮನೆ ಕಟ್ಟಿಸುವುದರಲ್ಲಿ, ಸೋತರು. ಯಾಕೆ ಹಾಗೆ ಹೇಳುತ್ತೇನೆ ಎಂದು ಒಂದೊಂದಾಗಿ ವಿವರಿಸುತ್ತೇನೆ.

'ನಮ್ಮ ಕಡೆಯವರ ಮಗ' ಅನ್ನೋದು ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರದ ಮಾತು. ನಿಮ್ಮ ಊರಿಂದ ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ, ಅಲ್ಲಿಂದ ಇನ್ನೂ ಮುಂದೆ ಹೋದರೆ ಮಾಲವಣ. ಆ ಮಾಲವಣದ ಹತ್ತಿರದ ವರಾಡ ಎಂಬ ಹಳ್ಳಿ ಅವರ ತಂದೆಯ ಊರು. ವರಾಡದವರು ವರಾಡಕರ ಆದರು. ಊರಿನ ಹೆಸರಿಗೆ ಕರ ಸೇರಿಸಿ ಅಡ್ಡಹೆಸರು ಮಾಡುವುದು ಕಾರವಾರ, ಬೆಳಗಾವಿ ಕಡೆ ನಿಮಗೆ ಗೊತ್ತಿರುವುದೇ ಅಲ್ವಾ. ತಂದೆ ಡಾಕ್ಟರ್, ತಾಯಿ ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಡಂಗಾರ್ವನ್‌ ಊರಿನ ನರ್ಸ್. ಇಬ್ಬರೂ ಇಂಗ್ಲೆಂಡಿನ ಸ್ಲೌನಲ್ಲಿ ಕೆಲಸ ಮಾಡುವಾಗ ಪರಿಚಯವಾಗಿ ಮದುವೆಯಾದರು. ಸ್ವಲ್ಪ ಕಾಲ ಭಾರತದಲ್ಲಿದ್ದು 1973ರಲ್ಲಿ ಡಬ್ಲಿನ್ ಸೇರಿದರು. ಲಿಯೋ ಹುಟ್ಟಿದ್ದು 1979ರ ಜನವರಿ 18ರಂದು, ಡಬ್ಲಿನ್‌ನಲ್ಲೇ. ಓದಿದ್ದು ಟ್ರಿನಿಟಿ ಕಾಲೇಜಿನಲ್ಲಿ. ಮೊದಲು ಕಾನೂನಿಗೆ ಸೇರಿ, ಬಿಟ್ಟು, ವೈದ್ಯಕೀಯ ಓದಿ 2003ರಲ್ಲಿ ಪದವಿ ಪಡೆದರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲೂ ಸ್ವಲ್ಪ ದಿನ ತರಬೇತಿ ಆಗಿದೆ.

ರಾಜಕೀಯದ ಹುಚ್ಚು ಶಾಲೆಯಲ್ಲಿರುವಾಗಲೇ ಹತ್ತಿತ್ತು. 20ನೇ ವಯಸ್ಸಿಗೇ, 1999ರಲ್ಲಿ, ಸ್ಥಳೀಯ ಚುನಾವಣೆಗೆ ನಿಂತು ಚೆನ್ನಾಗಿ ಸೋತರು. 2003ರಲ್ಲಿ ಖಾಲಿಯಾದ ಒಂದು ಸ್ಥಾನಕ್ಕೆ ಪಕ್ಷ ಅವರನ್ನು ಫಿಂಗಲ್ ಕೌಂಟಿ ಕೌನ್ಸಿಲ್‌ಗೆ ಕಳಿಸಿತು. ಮರುವರ್ಷದ ಚುನಾವಣೆಯಲ್ಲಿ 4,894 ಮೊದಲ ಪ್ರಾಶಸ್ತ್ಯದ ಮತ ಬಂದವು. ಆ ಸಲ ಇಡೀ ದೇಶದಲ್ಲಿ ಯಾವ ಕೌನ್ಸಿಲರ್‌ಗೂ ಅಷ್ಟು ಬಂದಿರಲಿಲ್ಲ. 2007ರಲ್ಲಿ ಡಬ್ಲಿನ್ ಪಶ್ಚಿಮ ಕ್ಷೇತ್ರದಿಂದ ಡಾಯ್ಲ್‌ಗೆ, ಅಂದರೆ ಅಲ್ಲಿನ ಲೋಕಸಭೆಗೆ, ಆರಿಸಿ ಬಂದರು. ಪಕ್ಷ ಫಿನ ಗೇಲ್. ನಡುವಿನಿಂದ ಸ್ವಲ್ಪ ಬಲಕ್ಕೆ ವಾಲಿದ ಪಕ್ಷ, ವ್ಯಾಪಾರಸ್ಥರು, ದೊಡ್ಡ ರೈತರು, ನಗರದ ಮೇಲ್ಮಧ್ಯಮ ವರ್ಗದವರ ಬೆಂಬಲ ಜಾಸ್ತಿ.

ಮೊದಲಿನಿಂದಲೂ ಅವರದು ಮನಸ್ಸಿಗೆ ಬಂದದ್ದನ್ನು ನೇರ ಹೇಳಿಬಿಡುವ ಬಾಯಿ. ಅದರಿಂದ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ. 2008ರಲ್ಲಿ ಆರ್ಥಿಕ ಕುಸಿತ ಶುರುವಾದಾಗ, ಕೆಲಸ ಕಳೆದುಕೊಂಡ ವಲಸಿಗರಿಗೆ ಒಂದಿಷ್ಟು ಹಣ ಕೊಟ್ಟು ಅವರ ದೇಶಕ್ಕೆ ವಾಪಸ್ ಕಳಿಸುವ ಬಗ್ಗೆ ಯೋಚಿಸಬಹುದಲ್ಲ ಎಂದು ಕೇಳಿದವರು ಇವರೇ. ವಲಸೆ ಬಂದ ಡಾಕ್ಟರೊಬ್ಬರ ಮಗನ ಬಾಯಲ್ಲಿ ಈ ಮಾತು ಕೇಳಿ ಅಂದು ತುಂಬಾ ಜನ ನೊಂದುಕೊಂಡರು. ನನಗೂ ಅದು ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. 2011ರಲ್ಲಿ ಸಾರಿಗೆ ಮಂತ್ರಿಯಾದ ಹೊಸದರಲ್ಲಿ, ದೇಶಕ್ಕೆ ಎರಡನೇ ಸಲ ಹೊರಗಿನಿಂದ ಸಾಲ ಬೇಕಾಗಬಹುದು ಎಂದು ಪತ್ರಿಕೆಗೆ ಹೇಳಿ ಸರ್ಕಾರಕ್ಕೇ ಮುಜುಗರ ತಂದರು. ಅದೇ ಬಾಯಿ 2014ರಲ್ಲಿ ಒಂದು ದೊಡ್ಡ ಕೆಲಸ ಮಾಡಿತು. ತಪ್ಪು ಮಾಡಿದ ವಾಹನ ಚಾಲಕರ ಲೈಸೆನ್ಸಿನ ಮೇಲೆ ಬೀಳುವ ದಂಡದ ಅಂಕಗಳನ್ನು ಪೊಲೀಸರು ತಮಗೆ ಬೇಕಾದವರಿಗೆ ರದ್ದು ಮಾಡುತ್ತಿದ್ದಾರೆ ಎಂದು ಪೊಲೀಸ್ ಇಲಾಖೆಯ ಒಳಗಿನ ಇಬ್ಬರು ಬಯಲಿಗೆಳೆದಿದ್ದರು. ಪೊಲೀಸ್ ಮುಖ್ಯಸ್ಥರು ಅವರ ನಡತೆಯನ್ನು ಅಸಹ್ಯ ಎಂದು ಕರೆದಿದ್ದರು. ಸಂಪುಟದಲ್ಲಿ ಉಳಿದವರು ಸುಮ್ಮನಿದ್ದಾಗ ವರಾಡ್ಕರ್ ಎದ್ದುನಿಂತು, ಅವರದು ಗೌರವ ಕೊಡಬೇಕಾದ ಕೆಲಸ ಎಂದರು. ಕೆಲವೇ ದಿನಗಳಲ್ಲಿ ಆ ಮುಖ್ಯಸ್ಥರು ಹುದ್ದೆ ಬಿಟ್ಟರು.

ಸಾರಿಗೆ ಮಂತ್ರಿಯಾಗಿ ಅವರ ದಾಖಲೆ ಅರ್ಧಂಬರ್ಧ. ಡಬ್ಲಿನ್‌ನ ಎರಡು ಟ್ರಾಮ್ ಮಾರ್ಗಗಳನ್ನು ಊರ ನಡುವೆ ಜೋಡಿಸುವ ಕೆಲಸ ಅವರ ಕಾಲದಲ್ಲಿ ಆರಂಭವಾಯಿತು. ವಿಮಾನ ನಿಲ್ದಾಣಕ್ಕೆ ಹೋಗಬೇಕಿದ್ದ ಮೆಟ್ರೋ ಯೋಜನೆಯನ್ನು ಮಾತ್ರ 2011ರ ನವೆಂಬರ್‌ನಲ್ಲಿ ಹಣವಿಲ್ಲ ಎಂದು ಮುಂದೂಡಿದರು. ಅಂದು ಬೊಕ್ಕಸ ಖಾಲಿಯಾಗಿತ್ತು ಎನ್ನುವುದೂ ನಿಜವೇ. ಆದರೆ ಮುಂದೂಡಿದ ಆ ಮೆಟ್ರೋ ಇವತ್ತಿಗೂ ಓಡುತ್ತಿಲ್ಲ. ನಿಮ್ಮ ಮಗಳು ಡಬ್ಲಿನ್‌ನಲ್ಲಿ ವಿಮಾನ ಇಳಿದು ಬಸ್ಸೋ ಟ್ಯಾಕ್ಸಿಯೋ ಹಿಡಿದಿರಬೇಕು, ಯಾಕೆಂದರೆ ಅಲ್ಲಿ ರೈಲೇ ಇಲ್ಲ.

ಇಷ್ಟು ಪೀಠಿಕೆ ಸಾಕು. ಈಗ ಸವಿತಾ ಅವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯ ಹೊಟ್ಟೆಯಲ್ಲಿರುವುದು ಅದೇ ಎಂದು ನನಗೆ ಗೊತ್ತು.

ಸವಿತಾ ನಿಮ್ಮ ಊರಿನಲ್ಲಿ ಬೆಳೆದ ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ, 17 ವಾರದ ಗರ್ಭಿಣಿಯಾಗಿದ್ದಾಗ, ಗಾಲ್ವೇ ಊರಿನ ಆಸ್ಪತ್ರೆಗೆ ಸೇರಿದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರು. ಹಾಗಾದರೆ ಗರ್ಭ ತೆಗೆಯಿರಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು. ನಂಜು ಮೈಯೆಲ್ಲ ಹರಡಿ ಅಕ್ಟೋಬರ್ 28ರಂದು ತೀರಿಕೊಂಡರು.

ಆ ಉತ್ತರದ ಹಿಂದೆ ಇದ್ದದ್ದು ಐರ್ಲೆಂಡಿನ ಸಂವಿಧಾನದ ಎಂಟನೇ ತಿದ್ದುಪಡಿ. 1983ರಲ್ಲಿ ಜನಮತದ, ಅಂದರೆ ಜನರೇ ನೇರವಾಗಿ ಹಾಕಿದ ಮತದ, ಮೂಲಕ ಸೇರಿಸಿದ್ದು. ಹೊಟ್ಟೆಯಲ್ಲಿರುವ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಎಂದು ಅದು ಹೇಳುತ್ತಿತ್ತು. ತಾಯಿಯ ಪ್ರಾಣಕ್ಕೇ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಅಪಾಯ ಎಂದರೆ ಎಷ್ಟು, ಯಾರು ತೀರ್ಮಾನಿಸಬೇಕು ಎಂದು ಬರೆಯುವ ಕಾನೂನನ್ನು ಮಾತ್ರ 20 ವರ್ಷ ಯಾವ ಸರ್ಕಾರವೂ ಮಾಡಲಿಲ್ಲ. ಎಲ್ಲರಿಗೂ ಹೆದರಿಕೆ. ಚರ್ಚಿನ ಹೆದರಿಕೆ, ಮತದ ಹೆದರಿಕೆ. ಆ ಮೌನದ ಬೆಲೆ ಆಸ್ಪತ್ರೆಯ ಹಾಸಿಗೆಯಲ್ಲಿ ತೆರಬೇಕಾಯಿತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸಾವಿಗೆ ಕಾನೂನೊಂದೇ ಕಾರಣವಾಗಿರಲಿಲ್ಲ. ನಂಜನ್ನು ಬೇಗ ಗುರುತಿಸಲಿಲ್ಲ, ನಿಗಾ ಸಾಲಲಿಲ್ಲ. ಅಲ್ಲಿನ ಆರೋಗ್ಯ ಗುಣಮಟ್ಟದ ಪ್ರಾಧಿಕಾರ 2013ರ ವರದಿಯಲ್ಲಿ, ಕೈತಪ್ಪಿದ 13 ಅವಕಾಶಗಳನ್ನು ಎಣಿಸಿ ಬರೆದಿದೆ. ಕಾನೂನಿನ ಗೊಂದಲ, ಆರೈಕೆಯ ಲೋಪ ಎರಡೂ ಸೇರಿ ಒಬ್ಬ ಹೆಣ್ಣುಮಗಳನ್ನು ತೆಗೆದುಕೊಂಡವು.

ಆಗ ವರಾಡ್ಕರ್ ಸಾರಿಗೆ ಮಂತ್ರಿ, ಪ್ರಧಾನಿ ಎಂಡಾ ಕೆನ್ನಿ. 2013ರಲ್ಲಿ ಕೆನ್ನಿ ಸರ್ಕಾರ ಒಂದು ಕಾನೂನು ತಂದಿತು. ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದರೆ ಮಾತ್ರ ಗರ್ಭಪಾತಕ್ಕೆ ಒಪ್ಪಿಗೆ, ಉಳಿದದ್ದಕ್ಕೆ 14 ವರ್ಷದವರೆಗೆ ಜೈಲು. ಅಷ್ಟು ಬಿಗಿಯಾದ ಕಾನೂನಿಗೂ ಫಿನ ಗೇಲ್‌ನ ಹಲವರು ವಿರುದ್ಧ ಮತ ಹಾಕಿ ಪಕ್ಷದ ಶಾಸಕಾಂಗ ಗುಂಪಿನಿಂದ ಹೊರಬಿದ್ದರು. ವರಾಡ್ಕರ್ ಪರವಾಗಿ ಮತ ಹಾಕಿದರು. ಆದರೆ ಅವರು ಅದಕ್ಕೂ ಹಿಂದೆ ಗರ್ಭಪಾತಕ್ಕೆ ವಿರೋಧವಾಗಿಯೇ ಮಾತಾಡಿದವರು, ಇದು ನೆನಪಿರಲಿ. 2014ರಲ್ಲಿ ಆರೋಗ್ಯ ಮಂತ್ರಿಯಾದ ಮೇಲೆ ಮಾತು ಬದಲಾಯಿತು. ಎಂಟನೇ ತಿದ್ದುಪಡಿ ಅತಿಯಾಗಿ ಬಿಗಿಯಾಗಿದೆ, ಅದರಿಂದ ವೈದ್ಯರ ಕೈ ಕಟ್ಟಿದಂತಾಗಿದೆ ಎಂದು ಡಾಯ್ಲ್‌ನಲ್ಲೇ ಹೇಳಿದರು. ಮನಸ್ಸು ಬದಲಾಯಿಸಿದ್ದನ್ನು ಅವರು ಮುಚ್ಚಿಡಲಿಲ್ಲ. ರಾಜಕಾರಣಿಯೊಬ್ಬರು ಜನರ ಮುಂದೆ ನಿಂತು ನನ್ನ ಅಭಿಪ್ರಾಯ ಬದಲಾಗಿದೆ ಎನ್ನುವುದು ಎಷ್ಟು ಅಪರೂಪ ಎಂದು ನಿಮಗೂ ಗೊತ್ತು.

ಈಗ ಮುಖ್ಯ ಪ್ರಶ್ನೆ. ಕಾನೂನು ಬದಲಿಸಿದ್ದು ಅವರೇನಾ? ಐರ್ಲೆಂಡ್‌ನಲ್ಲಿ ಸಂವಿಧಾನದ ಒಂದೇ ಒಂದು ಪದ ಬದಲಿಸಬೇಕಾದರೂ ಜನರ ಮತ ಬೇಕು. ನಮ್ಮಲ್ಲಿ ಹಾಗಿಲ್ಲ, ಸಂಸತ್ತಿನಲ್ಲಿ ವಿಶೇಷ ಬಹುಮತವಿದ್ದರೆ ಆಗುತ್ತದೆ, ಕೆಲವಕ್ಕೆ ರಾಜ್ಯಗಳ ಒಪ್ಪಿಗೆಯೂ ಬೇಕು. (ನಮ್ಮ ಸಂವಿಧಾನದ ರಾಜ್ಯ ನೀತಿಯ ನಿರ್ದೇಶಕ ತತ್ವಗಳು ಐರ್ಲೆಂಡಿನ 1937ರ ಸಂವಿಧಾನ ನೋಡಿ ಬರೆದಿದ್ದು. ಜನಮತದ ನಿಯಮ ಮಾತ್ರ ನಾವು ತೆಗೆದುಕೊಳ್ಳಲಿಲ್ಲ.) ಹಾಗಾಗಿ ಪ್ರಧಾನಿ ಒಬ್ಬರೇ ಏನೂ ಮಾಡುವಂತಿರಲಿಲ್ಲ. ಕೆನ್ನಿ 2016ರಲ್ಲೇ ಒಂದು ನಾಗರಿಕರ ಸಭೆ ರಚಿಸಿದ್ದರು. ಸಾಮಾನ್ಯ ಜನರಲ್ಲಿ 99 ಮಂದಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನು ಅಧ್ಯಕ್ಷರನ್ನಾಗಿ ಕೂರಿಸಿ, ವೈದ್ಯರು, ವಕೀಲರು, ಎರಡೂ ಕಡೆಯ ಹೋರಾಟಗಾರರು, ಎಲ್ಲರ ಮಾತನ್ನೂ ವಾರಾಂತ್ಯಗಳಲ್ಲಿ ಕುಳಿತು ಕೇಳುವ ವ್ಯವಸ್ಥೆ ಅದು. ಗೃಹಿಣಿಯರು, ಡ್ರೈವರ್‌ಗಳು, ನಿವೃತ್ತರು ಅಲ್ಲಿ ತಿಂಗಳುಗಟ್ಟಲೆ ಕೂತು ಕಲಿತು, 2017ರ ಏಪ್ರಿಲ್‌ನಲ್ಲಿ ಬದಲಾವಣೆಯ ಪರವಾಗಿ ತೀರ್ಮಾನ ಕೊಟ್ಟರು. ಆಮೇಲೆ ಸಂಸತ್ತಿನ ಸಮಿತಿ ಅದನ್ನು ಪರಿಶೀಲಿಸಿತು. ಹೆಂಗಸರ ಸಂಘಟನೆಗಳು 35 ವರ್ಷದಿಂದ ಬೀದಿಯಲ್ಲಿದ್ದವು. ಸವಿತಾ ಅವರ ಚಿತ್ರ ಹಿಡಿದು ಸಾವಿರಾರು ಜನ ನಡೆದಿದ್ದರು.

ವರಾಡ್ಕರ್ ಪಾಲು ಎಷ್ಟು ಎಂದರೆ, 2018ರ ಜನವರಿಯಲ್ಲಿ ಪ್ರಧಾನಿಯಾಗಿ ಜನಮತ ನಡೆಸುವ ತೀರ್ಮಾನ ಮಾಡಿದರು, ಅದೇ ವರ್ಷದ ಬೇಸಿಗೆಯೊಳಗೆ ನಡೆಸುತ್ತೇವೆ ಎಂದು ಗಡುವು ಹಾಕಿದರು, ತಾನೇ ಪರವಾಗಿ ಪ್ರಚಾರ ಮಾಡುತ್ತೇನೆ ಎಂದು ಎದ್ದುನಿಂತರು, ಪಕ್ಷದ ಉಳಿದವರಿಗೆ ಮನಸ್ಸಿಗೆ ಬಂದಂತೆ ಮತ ಹಾಕಲು ಬಿಟ್ಟರು. ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಹಿಂದಿನವರೆಲ್ಲ ನಾಳೆ ನೋಡೋಣ ಎಂದೇ ಕಾಲ ತಳ್ಳಿದ್ದರು, ಇವರು ತಾರೀಖು ಕೊಟ್ಟರು. ಆರೋಗ್ಯ ಮಂತ್ರಿ ಸೈಮನ್ ಹ್ಯಾರಿಸ್ ಊರೂರು ತಿರುಗಿದರು. ವಿರೋಧ ಪಕ್ಷ ಫಿಯಾನ ಫಾಯ್ಲ್‌ನ ನಾಯಕ ಮಿಹಾಲ್ ಮಾರ್ಟಿನ್ ತಮ್ಮ ಪಕ್ಷದ ಬಹುಪಾಲು ಸದಸ್ಯರಿಗೆ ಇಷ್ಟವಿಲ್ಲದಿದ್ದರೂ ಪರವಾಗಿ ನಿಂತರು. 2018ರ ಮೇ 25ರಂದು ಮತದಾನವಾಗಿ 66.4 ಶೇಕಡ ಜನ ಎಂಟನೇ ತಿದ್ದುಪಡಿ ತೆಗೆಯಿರಿ ಎಂದರು. ಡೊನೆಗಾಲ್ ಒಂದನ್ನು ಬಿಟ್ಟು ಎಲ್ಲ ಕ್ಷೇತ್ರಗಳಲ್ಲೂ ಬದಲಾವಣೆಯೇ ಗೆದ್ದಿತು. 2019ರ ಜನವರಿ 1ರಿಂದ 12 ವಾರದವರೆಗೆ ಗರ್ಭಪಾತದ ಸೇವೆ ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಸಿಗುತ್ತಿದೆ.

ಮತದಾನಕ್ಕೆ ಮುಂಚೆ ಸವಿತಾ ಅವರ ತಂದೆ ನಿಮ್ಮ ಊರಿಂದಲೇ ಐರ್ಲೆಂಡ್ ಜನರಿಗೆ ಮನವಿ ಮಾಡಿದ್ದರು, ನನ್ನ ಮಗಳನ್ನು ನೆನಪಿಟ್ಟು ಮತ ಹಾಕಿ ಎಂದು. ಫಲಿತಾಂಶದ ದಿನ ಡಬ್ಲಿನ್‌ನ ಪೋರ್ಟೊಬೆಲ್ಲೊ ಬಡಾವಣೆಯ ಗೋಡೆಯ ಮೇಲೆ ಬರೆದಿದ್ದ ಸವಿತಾ ಚಿತ್ರದ ಮುಂದೆ ಜನ ಹೂವಿಟ್ಟು, ಕ್ಷಮಿಸು ಎಂದು ಚೀಟಿ ಬರೆದು ಅಂಟಿಸಿದರು. ನೂರಾರು ಚೀಟಿ. ಆಕೆಯನ್ನು ಒಮ್ಮೆಯೂ ನೋಡದವರು ಬರೆದದ್ದು. ಅದರ ಫೋಟೋ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹಾಗಾಗಿ ಕಾನೂನು ಬದಲಿಸಿದವರ ಪಟ್ಟಿಯಲ್ಲಿ ವರಾಡ್ಕರ್ ಹೆಸರು ಖಂಡಿತ ಇದೆ. ಮೊದಲ ಹೆಸರು ಮಾತ್ರ ಅವರದಲ್ಲ.

ಇದಕ್ಕೆ ಮೂರು ವರ್ಷ ಮೊದಲು ಇನ್ನೊಂದು ಜನಮತ ನಡೆದಿತ್ತು, ಸಲಿಂಗ ವಿವಾಹದ್ದು. 2015ರ ಜನವರಿ 18ರಂದು, ತಮ್ಮ 36ನೇ ಹುಟ್ಟುಹಬ್ಬದ ದಿನ, ಆರೋಗ್ಯ ಮಂತ್ರಿಯಾಗಿದ್ದಾಗ, ರೇಡಿಯೋ ಸಂದರ್ಶನದಲ್ಲಿ ತಾನು ಸಲಿಂಗಿ ಎಂದು ಹೇಳಿಕೊಂಡರು. 1993ರವರೆಗೂ ಅದು ಅಪರಾಧವಾಗಿದ್ದ ದೇಶ ಅದು. ಮೇ ತಿಂಗಳಲ್ಲಿ 62 ಶೇಕಡ ಜನ ಮದುವೆಯ ಹಕ್ಕಿಗೆ ಹೂಂ ಎಂದರು. ಮಂತ್ರಿಯೊಬ್ಬರು ತಮ್ಮ ಬದುಕನ್ನೇ ಮುಂದಿಟ್ಟಿದ್ದರಿಂದ ಎಷ್ಟೋ ಮನೆಗಳಲ್ಲಿ ಮಾತು ಶುರುವಾಯಿತು. ಇದನ್ನು ಅವರ ದೊಡ್ಡ ಧೈರ್ಯ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಪ್ರಧಾನಿ ಪಟ್ಟ ಸಿಕ್ಕ ರೀತಿಯನ್ನು ನಿಮ್ಮ ಮಗಳ ಆಫೀಸಿನವರು ಮರೆತಿರಲಾರರು. 2017ರ ಮೇ ತಿಂಗಳಲ್ಲಿ ಕೆನ್ನಿ ಹೊರಟಾಗ ಪಕ್ಷದ ನಾಯಕತ್ವಕ್ಕೆ ವರಾಡ್ಕರ್ ಮತ್ತು ಸೈಮನ್ ಕೋವ್ನಿ ಸ್ಪರ್ಧಿಸಿದರು. ಪಕ್ಷದ ಸಾಮಾನ್ಯ ಸದಸ್ಯರಲ್ಲಿ 65 ಶೇಕಡ ಜನ ಕೋವ್ನಿಗೆ ಹಾಕಿದರು. ಆದರೆ ನಿಯಮದ ಪ್ರಕಾರ ಸಂಸದರ ಮತಕ್ಕೆ 65 ಶೇಕಡ ತೂಕ, ಸದಸ್ಯರಿಗೆ 25, ಕೌನ್ಸಿಲರ್‌ಗಳಿಗೆ 10. 73 ಸಂಸದರಲ್ಲಿ 51 ಮಂದಿ ವರಾಡ್ಕರ್ ಕಡೆ ಇದ್ದರು, ಅಲ್ಲಿಗೆ ಮುಗಿಯಿತು. ಜೂನ್ 14ರಂದು 38ನೇ ವಯಸ್ಸಿಗೆ ಟೀಶಾಕ್ ಆದರು. ಅಲ್ಲಿ ಪ್ರಧಾನಿಯನ್ನು ಹಾಗೆ ಕರೆಯುತ್ತಾರೆ. ಅಂದಿನವರೆಗೆ ಅಷ್ಟು ಚಿಕ್ಕವರು ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ದುಡಿಯುವವರ ಪರ ನಾನು ಎಂದು ಆ ಪ್ರಚಾರದಲ್ಲಿ ಹೇಳಿದ್ದರು. ಅದಕ್ಕೂ ಮೊದಲು ಸಮಾಜ ಕಲ್ಯಾಣ ಮಂತ್ರಿಯಾಗಿ, ಸರ್ಕಾರದ ಭತ್ಯೆಯಲ್ಲಿ ಮೋಸ ಮಾಡುವವರ ವಿರುದ್ಧ ಬಸ್ಸುಗಳ ಮೇಲೆಲ್ಲ ಜಾಹೀರಾತು ಹಾಕಿಸಿದ್ದರು. ಬಡವರನ್ನು ಕಳ್ಳರ ಹಾಗೆ ನೋಡುತ್ತಾರೆ ಎಂಬ ಸಿಟ್ಟು ಆಗ ಹುಟ್ಟಿದ್ದು ಮತ್ತೆ ಹೋಗಲೇ ಇಲ್ಲ.

ಬ್ರೆಕ್ಸಿಟ್ ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಐರ್ಲೆಂಡ್ ದ್ವೀಪದ ನಡುವೆ ಸುಮಾರು 500 ಕಿಲೋಮೀಟರ್ ಗಡಿ ಇದೆ. ಉತ್ತರದ ಆರು ಕೌಂಟಿಗಳು ಬ್ರಿಟನ್ನಿಗೆ ಸೇರಿವೆ. ಉತ್ತರ ಐರ್ಲೆಂಡಿನ ದಶಕಗಳ ಹಿಂಸಾಚಾರ ನಿಲ್ಲಿಸಿದ 1998ರ ಗುಡ್ ಫ್ರೈಡೇ ಒಪ್ಪಂದದ ಬಳಿಕ ಆ ಗಡಿಯಲ್ಲಿ ಗೇಟಿಲ್ಲ, ಸೈನಿಕರಿಲ್ಲ. ಹೊಲ ಒಂದು ದೇಶದಲ್ಲಿ, ಮನೆ ಇನ್ನೊಂದು ದೇಶದಲ್ಲಿ ಇರುವವರೂ ಇದ್ದಾರೆ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಿದ್ದರೆ ಅಲ್ಲಿ ಮತ್ತೆ ಸುಂಕದ ಕಟ್ಟೆ ಬರಬೇಕಾಗುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಯುರೋಪಿನ ನಾಯಕರ ಊಟದ ಸಭೆಗೆ ವರಾಡ್ಕರ್ ಒಂದು ಪತ್ರಿಕೆ ತೆಗೆದುಕೊಂಡು ಹೋದರು. 1972ರಲ್ಲಿ ಗಡಿಯ ಹತ್ತಿರದ ನ್ಯೂರಿಯ ಸುಂಕದ ಕಟ್ಟೆಯಲ್ಲಿ ಬಾಂಬ್ ಸಿಡಿದು ಜನ ಸತ್ತ ಕಥೆ ಅದರಲ್ಲಿತ್ತು. ಗಡಿ ಮತ್ತೆ ಬಂದರೆ ಏನಾಗುತ್ತದೆ ಎಂದು ಅವರಿಗೆಲ್ಲ ತೋರಿಸಿದರು. ಒಕ್ಕೂಟದ ಉಳಿದ 26 ದೇಶಗಳು ಕೊನೆಯವರೆಗೂ ಐರ್ಲೆಂಡ್ ಬೆನ್ನಿಗೆ ನಿಂತವು. ಅಷ್ಟು ಸಣ್ಣ ದೇಶಕ್ಕೆ ಅದು ಸುಮ್ನೆ ಸಿಗುವ ಬೆಂಬಲವಲ್ಲ. 2019ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ಥಾರ್ನ್‌ಟನ್ ಮ್ಯಾನರ್ ಎಂಬ ಬಂಗಲೆಯಲ್ಲಿ ಅವರೂ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ನರೂ ಕೆಲವು ಗಂಟೆ ಕೂತು ಮಾತಾಡಿದರು. ಒಂದು ವಾರದಲ್ಲಿ ಒಪ್ಪಂದ ಆಯಿತು. ಸರಕಿನ ತಪಾಸಣೆ ಭೂಗಡಿಯಲ್ಲಿ ಇಲ್ಲ, ಸಮುದ್ರದ ಕಡೆ, ಬಂದರುಗಳಲ್ಲಿ ಎಂದು ತೀರ್ಮಾನವಾಯಿತು. ಉತ್ತರ ಐರ್ಲೆಂಡಿನ ಬ್ರಿಟನ್ ಪರ ಪಕ್ಷಗಳಿಗೆ ಅದು ಇಂದಿಗೂ ಗಾಯವೇ. ಆದರೆ ಗಡಿ ತೆರೆದೇ ಉಳಿಯಿತು.

ಕೋವಿಡ್ ಬಂದಾಗ, 2020ರ ಮಾರ್ಚ್ 12ರಂದು, ಅವರು ವಾಷಿಂಗ್ಟನ್‌ನಲ್ಲಿದ್ದರು. ಅಲ್ಲಿಂದಲೇ ಬೆಳಗಿನ ಜಾವ ಶಾಲೆಗಳನ್ನು ಮುಚ್ಚುವ ಘೋಷಣೆ ಮಾಡಿದರು. ಆಮೇಲೆ ವೈದ್ಯರ ನೋಂದಣಿ ಪಟ್ಟಿಗೆ ಮತ್ತೆ ಹೆಸರು ಸೇರಿಸಿ, ವಾರಕ್ಕೊಂದು ಸಲ ರೋಗಿಗಳ ಫೋನ್ ಕರೆಗಳನ್ನು ತೆಗೆದುಕೊಂಡರು. ವಿಚಿತ್ರ ಏನೆಂದರೆ, ಜನಪ್ರಿಯತೆ ಮೇಲೇರಿದ ಆ ದಿನಗಳಲ್ಲಿ ಅವರು ಆಗಲೇ ಚುನಾವಣೆ ಸೋತಿದ್ದರು.

ಆ ಸೋಲಿಗೆ ಬರಬೇಕಾದರೆ ಮನೆಯ ಪ್ರಶ್ನೆಗೆ ಬರಬೇಕು. ಇದು ನಿಮ್ಮ ಮಗಳ ಪ್ರಶ್ನೆ.

2006ರಲ್ಲಿ ಐರ್ಲೆಂಡ್‌ನಲ್ಲಿ ಒಂದೇ ವರ್ಷ ಸುಮಾರು 90,000 ಮನೆ ಕಟ್ಟಿದ್ದರು. ಸಾಲದ ಮೇಲೆ ಸಾಲ, ಹುಚ್ಚು ಹಿಡಿದಂತೆ. 2008ರಲ್ಲಿ ಬ್ಯಾಂಕುಗಳು ಕುಸಿದವು. 2010ರಲ್ಲಿ ಐಎಂಎಫ್ ಮತ್ತು ಯುರೋಪಿಯನ್ ಒಕ್ಕೂಟದ ಮುಂದೆ ಕೈಚಾಚಬೇಕಾಯಿತು. ಕಟ್ಟಡ ಕೆಲಸ ನಿಂತೇಹೋಯಿತು. ಗಾರೆಯವರು, ಬಡಗಿಗಳು, ಎಂಜಿನಿಯರ್‌ಗಳು ಆಸ್ಟ್ರೇಲಿಯಾ, ಕೆನಡಾ ಕಡೆ ಹೋದರು. 2013ರ ಹೊತ್ತಿಗೆ ವರ್ಷಕ್ಕೆ ಕಟ್ಟುತ್ತಿದ್ದ ಮನೆಗಳು ಕೆಲವೇ ಸಾವಿರ. ಸ್ಥಳೀಯ ಸಂಸ್ಥೆಗಳು ಬಡವರಿಗೆ ಮನೆ ಕಟ್ಟುವುದನ್ನು ಬಹುತೇಕ ಬಿಟ್ಟವು. ಅದರ ಬದಲು ಖಾಸಗಿ ಮಾಲೀಕರಿಗೆ ಸರ್ಕಾರವೇ ಬಾಡಿಗೆ ತುಂಬತೊಡಗಿತು. ಇಲ್ಲಿಯವರೆಗೆ ವರಾಡ್ಕರ್ ಒಬ್ಬರನ್ನೇ ದೂರುವ ಹಾಗಿಲ್ಲ, ಕುಸಿತ ತಂದವರು ಅವರ ಪಕ್ಷದವರಲ್ಲ.

ಆದರೆ ಆಮೇಲೆ? ಆರ್ಥಿಕತೆ ಚೇತರಿಸಿಕೊಂಡಿತು. ದೊಡ್ಡ ದೊಡ್ಡ ಐಟಿ ಮತ್ತು ಔಷಧ ಕಂಪನಿಗಳ ತೆರಿಗೆ ಹರಿದು ಬಂತು. ಹೋದವರು ವಾಪಸ್ ಬಂದರು, ನಿಮ್ಮ ಮಗಳಂಥ ಸಾವಿರಾರು ಹೊಸಬರು ಬಂದರು, 2021ರಲ್ಲಿ ಜನಸಂಖ್ಯೆ 50 ಲಕ್ಷ ದಾಟಿತು. ಮನೆ ಮಾತ್ರ ಆ ವೇಗದಲ್ಲಿ ಏಳಲಿಲ್ಲ. ಫಿನ ಗೇಲ್ 2011ರಿಂದ ಒಂದು ದಿನವೂ ಅಧಿಕಾರ ಬಿಟ್ಟಿಲ್ಲ. ವರಾಡ್ಕರ್ 2024ರವರೆಗೆ ಅಷ್ಟೂ ವರ್ಷ ಸಂಪುಟದಲ್ಲಿದ್ದರು. ಖಾಸಗಿ ಬಿಲ್ಡರ್‌ಗಳಿಗೆ ಹುರುಪು ಕೊಟ್ಟರೆ ಮನೆಗಳು ತಾವಾಗಿಯೇ ಬರುತ್ತವೆ ಎಂಬ ನಂಬಿಕೆಯನ್ನು ಅವರ ಸರ್ಕಾರ ತುಂಬಾ ಕಾಲ ಬಿಡಲಿಲ್ಲ. 2019ರಲ್ಲಿ ಮನೆಯಿಲ್ಲದೆ ತುರ್ತು ಆಶ್ರಯದಲ್ಲಿ ಇರುವವರ ಸಂಖ್ಯೆ 10,000 ದಾಟಿತು. 2024ರಲ್ಲಿ ಅವರು ಹೊರಡುವಾಗ 13,000 ದಾಟಿತ್ತು, ಅದರಲ್ಲಿ ಸಾವಿರಾರು ಮಕ್ಕಳು. ಹೋಟೆಲ್ ಕೋಣೆಯಲ್ಲಿ ಹೋಂವರ್ಕ್ ಮಾಡುವ ಮಕ್ಕಳು ಇವರು. 2018ರಲ್ಲಿ ಇನ್ನೊಂದು ಮಾತಾಡಿದ್ದರು. ಮನೆ ಕೊಳ್ಳಲು ಮುಂಗಡ ಹಣವನ್ನು ಕೆಲವರು ಹೊರದೇಶಕ್ಕೆ ಹೋಗಿ ದುಡಿದು ಕೂಡಿಸುತ್ತಾರೆ, ಕೆಲವರು ಅಪ್ಪ ಅಮ್ಮನ ಹತ್ತಿರ ತೆಗೆದುಕೊಳ್ಳುತ್ತಾರೆ ಎಂದರು. ಕೊಡಲು ಅಪ್ಪ ಅಮ್ಮನ ಹತ್ತಿರ ಏನೂ ಇಲ್ಲದವರು ಆ ಮಾತನ್ನು ಇನ್ನೂ ಮರೆತಿಲ್ಲ. ಚಳಿಗಾಲದಲ್ಲಿ ಬಾಡಿಗೆದಾರರನ್ನು ಹೊರಹಾಕಬಾರದು ಎಂಬ ತಾತ್ಕಾಲಿಕ ನಿಯಮ 2022ರ ಅಕ್ಟೋಬರ್‌ನಲ್ಲಿ ಬಂದಿತ್ತು. ಅದನ್ನು ಅವರ ಸರ್ಕಾರ 2023ರ ಮಾರ್ಚ್ 31ಕ್ಕೆ ನಿಲ್ಲಿಸಿತು. ನಿಯಮ ಮುಂದುವರಿದರೆ ಸಣ್ಣ ಮಾಲೀಕರು ಬಾಡಿಗೆ ಕೊಡುವುದನ್ನೇ ಬಿಟ್ಟುಬಿಡುತ್ತಾರೆ ಎನ್ನುವುದು ಅವರ ವಾದ. ಅದರಲ್ಲಿ ಸ್ವಲ್ಪ ಹುರುಳಿತ್ತು. ಆದರೂ ಹೊರಬೀಳುವವರಿಗೆ ಬೇರೆ ದಾರಿ ಮಾಡದೆ ನಿಲ್ಲಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ನ್ಯಾಯವಾಗಿ ಹೇಳಬೇಕೆಂದರೆ, 2023ರಲ್ಲಿ 32,000ಕ್ಕೂ ಹೆಚ್ಚು ಮನೆ ಎದ್ದವು, ಕುಸಿತದ ಬಳಿಕ ಅದು ಒಳ್ಳೆಯ ಸಂಖ್ಯೆ. ಬಂದದ್ದು ತಡವಾಗಿ, ಬೇಕಾಗಿದ್ದಕ್ಕಿಂತ ಕಡಿಮೆ.

2020ರ ಫೆಬ್ರವರಿ 8ರ ಚುನಾವಣೆಯಲ್ಲಿ ಜನ ಇದಕ್ಕೇ ಉತ್ತರ ಕೊಟ್ಟರು. ಅಲ್ಲಿನ ಮತದಾನ ನಮ್ಮ ಪದವೀಧರ ಕ್ಷೇತ್ರದ ಚುನಾವಣೆಯ ಹಾಗೆ, ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯಬೇಕು, ಆದರೆ ಒಂದು ಕ್ಷೇತ್ರದಿಂದ ಮೂರರಿಂದ ಐದು ಜನ ಆರಿಸಿ ಬರುತ್ತಾರೆ. ಪ್ರಧಾನಿಯಾಗಿದ್ದೂ ವರಾಡ್ಕರ್ ತಮ್ಮ ಕ್ಷೇತ್ರದಲ್ಲಿ ಶಿನ್ ಫೇನ್ ಎಂಬ ಎಡಪಂಥೀಯ ವಿರೋಧ ಪಕ್ಷದ ಅಭ್ಯರ್ಥಿಯ ಹಿಂದೆ ಬಿದ್ದು ಐದನೇ ಸುತ್ತಿನ ಎಣಿಕೆಯಲ್ಲಿ ಗೆದ್ದರು. ಪಕ್ಷ 35 ಸ್ಥಾನಕ್ಕೆ ಇಳಿಯಿತು. 1922ರ ಅಂತರ್ಯುದ್ಧದ ಕಾಲದಿಂದ ಎದುರುಬದುರು ನಿಂತಿದ್ದ ಫಿಯಾನ ಫಾಯ್ಲ್ ಜೊತೆ, ಹಸಿರು ಪಕ್ಷವನ್ನೂ ಸೇರಿಸಿಕೊಂಡು ಸರ್ಕಾರ ಮಾಡಬೇಕಾಯಿತು. ಮೊದಲರ್ಧ ಮಿಹಾಲ್ ಮಾರ್ಟಿನ್ ಪ್ರಧಾನಿ, ವರಾಡ್ಕರ್ ಉಪಪ್ರಧಾನಿ. 2022ರ ಡಿಸೆಂಬರ್ 17ರಂದು ಅದಲುಬದಲು.

ನಡುವೆ ಒಂದು ಕಪ್ಪುಚುಕ್ಕೆ. 2019ರಲ್ಲಿ ಪ್ರಧಾನಿಯಾಗಿದ್ದಾಗ, ಸರ್ಕಾರ ಒಂದು ವೈದ್ಯರ ಸಂಘದ ಜೊತೆ ಮಾಡುತ್ತಿದ್ದ ಒಪ್ಪಂದದ ಗೋಪ್ಯ ಕರಡನ್ನು ಎದುರಾಳಿ ಸಂಘದ ಮುಖ್ಯಸ್ಥರಾಗಿದ್ದ ಸ್ನೇಹಿತರೊಬ್ಬರಿಗೆ ಕಳಿಸಿದ್ದರು. 2020ರ ಅಕ್ಟೋಬರ್ ಕೊನೆಯಲ್ಲಿ ಅದು ಹೊರಬಂತು. ಡಾಯ್ಲ್‌ನಲ್ಲಿ ತಪ್ಪಾಯಿತು ಎಂದರು, ಲಾಭಕ್ಕೆ ಮಾಡಿದ್ದಲ್ಲ ಎಂದರು. ಪೊಲೀಸ್ ತನಿಖೆ ನಡೆದು 2022ರ ಜುಲೈನಲ್ಲಿ ಮೊಕದ್ದಮೆ ಹೂಡುವುದಿಲ್ಲ ಎಂದು ತೀರ್ಮಾನವಾಯಿತು. ಕಾನೂನಿನಂತೆ ಅವರ ಮೇಲೆ ಏನೂ ಇಲ್ಲ. ಆದರೆ ಪೊಲೀಸರ ತಪ್ಪನ್ನು ಬಯಲಿಗೆಳೆದವರ ಪರ ನಿಂತ ಮನುಷ್ಯ ಇಂಥದ್ದನ್ನು ಮಾಡಬಾರದಿತ್ತು.

ಕೊನೆಯದಾಗಿ ರಾಜೀನಾಮೆ. 2024ರ ಮಾರ್ಚ್ 8ರಂದು ಎರಡು ಜನಮತ ನಡೆಯಿತು. ಸಂವಿಧಾನದಲ್ಲಿ ಕುಟುಂಬ ಎಂದರೆ ಮದುವೆ ಎಂಬ ಅರ್ಥ ಬದಲಿಸುವುದು ಒಂದು. ಮನೆಯಲ್ಲಿ ಹೆಂಗಸಿನ ಕೆಲಸದ ಬಗ್ಗೆ ಇರುವ ಹಳೆಯ ಸಾಲು ತೆಗೆದು ಆರೈಕೆಯ ಬಗ್ಗೆ ಹೊಸ ಸಾಲು ಹಾಕುವುದು ಇನ್ನೊಂದು. ಮೊದಲನೆಯದನ್ನು 67.7 ಶೇಕಡ, ಎರಡನೆಯದನ್ನು 73.9 ಶೇಕಡ ಜನ ತಿರಸ್ಕರಿಸಿದರು. 2018ರಲ್ಲಿ ಗೆದ್ದ ದಾರಿಯಲ್ಲೇ ಈ ಸೋಲು ಯಾಕೆ ಬಂತು ಎನ್ನುವಿರಾ? ಈ ಸಲವೂ ನಾಗರಿಕರ ಸಭೆ ಇತ್ತು. ಆದರೆ ಅದು ಸೂಚಿಸಿದ್ದಕ್ಕಿಂತ ತೆಳುವಾದ ಪದಗಳನ್ನು ಸರ್ಕಾರ ತಾನೇ ಬರೆಯಿತು. ಮಹಿಳಾ ದಿನಕ್ಕೇ ನಡೆಸಬೇಕೆಂದು ಅವಸರ ಮಾಡಿತು. ಅಂಗವಿಕಲರನ್ನು ನೋಡಿಕೊಳ್ಳುವ ಮನೆಯವರು, ಇದರಿಂದ ನಮಗೆ ಏನು ಸಿಗುತ್ತದೆ ಎಂದು ಕೇಳಿದಾಗ ನೇರ ಉತ್ತರವಿರಲಿಲ್ಲ.

12 ದಿನ ಕಳೆದು, ಮಾರ್ಚ್ 20ರಂದು, ಸರ್ಕಾರಿ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಹೊರಡುತ್ತೇನೆ ಎಂದರು. ಕಣ್ಣು ತೇವವಾಗಿತ್ತು. ಕಾರಣ ವೈಯಕ್ತಿಕವೂ ಹೌದು, ರಾಜಕೀಯವೂ ಹೌದು, ಈ ಕೆಲಸಕ್ಕೆ ಇನ್ನು ನಾನೇ ತಕ್ಕವನು ಎಂದು ಅನ್ನಿಸುತ್ತಿಲ್ಲ ಎಂಬರ್ಥದ ಮಾತು ಹೇಳಿದರು. ಯಾವ ಹಗರಣವೂ ಅವರನ್ನು ಓಡಿಸಲಿಲ್ಲ. ಜನಮತ ಸೋತಿತ್ತು, ಪಕ್ಷದ ಹಲವು ಸಂಸದರು ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲ ಎಂದಿದ್ದರು, ಜೂನ್‌ನಲ್ಲಿ ಸ್ಥಳೀಯ ಚುನಾವಣೆ ಇತ್ತು. ಹೊಸ ನಾಯಕನಿಗೆ ಸಮಯ ಕೊಡಬೇಕೆಂದರೆ ಅದೇ ಕೊನೆಯ ಗಳಿಗೆ. ಏಪ್ರಿಲ್ 9ರಂದು ಸೈಮನ್ ಹ್ಯಾರಿಸ್ ಪ್ರಧಾನಿಯಾದರು, 37ನೇ ವಯಸ್ಸಿಗೆ. ವರಾಡ್ಕರ್ ಅವರ ಚಿಕ್ಕ ವಯಸ್ಸಿನ ದಾಖಲೆಯೂ ಅಲ್ಲಿಗೆ ಹೋಯಿತು. ನವೆಂಬರ್‌ನ ಚುನಾವಣೆಗೆ ಅವರು ನಿಲ್ಲಲಿಲ್ಲ.

2019ರ ಡಿಸೆಂಬರ್ ಕೊನೆಯಲ್ಲಿ ಮನೆಯವರ ಜೊತೆ ವರಾಡಕ್ಕೆ ಬಂದಿದ್ದರು. ಊರವರು ಆರತಿ ಎತ್ತಿ ಬರಮಾಡಿಕೊಂಡರು. ನಿಮ್ಮ ಮನೆಯ ಖುಷಿಯೂ ಅದೇ ಜಾತಿಯದು, ಅದರಲ್ಲಿ ತಪ್ಪೇನಿಲ್ಲ. ಹಾಗೆಯೇ ಬಾಡಿಗೆ ಮನೆಗಾಗಿ ಸಾಲಿನಲ್ಲಿ ನಿಂತವರ ಸಿಟ್ಟೂ ಸುಳ್ಳಲ್ಲ ಎಂದು ಮಗಳಿಗೆ ಹೇಳಿ.

ಇನ್ನೊಂದು ಉಪಯೋಗದ ಮಾತು. ಡಾಯ್ಲ್ ಚುನಾವಣೆಗೆ ಐರಿಷ್ ಅಥವಾ ಬ್ರಿಟಿಷ್ ಪೌರತ್ವ ಬೇಕು, ಆದರೆ ಸ್ಥಳೀಯ ಸಂಸ್ಥೆ ಚುನಾವಣೆಗೆ ಬೇಡ. ಅಲ್ಲಿ ವಾಸವಿರುವ, 18 ತುಂಬಿದ ಯಾರೇ ಆಗಲಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಮತ ಹಾಕಬಹುದು. ತುಂಬಾ ಜನ ಭಾರತೀಯರಿಗೆ ಇದು ಗೊತ್ತೇ ಇಲ್ಲ. ಡಬ್ಲಿನ್‌ನಲ್ಲಿ ನಾಲ್ಕು ಕೌನ್ಸಿಲ್‌ಗಳಿವೆ, ತನ್ನ ಮನೆ ಯಾವುದಕ್ಕೆ ಸೇರುತ್ತದೆ ಎಂದು ಮಗಳು ನೋಡಿಕೊಳ್ಳಲಿ. ಪಿಪಿಎಸ್ ನಂಬರ್ (ಅಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ), ವಿಳಾಸದ ಏರ್‌ಕೋಡ್ (ಅಲ್ಲಿನ ಪಿನ್‌ಕೋಡ್) ಇದ್ದರೆ ಮತದಾರರ ಪಟ್ಟಿಗೆ ಆನ್‌ಲೈನಿನಲ್ಲೇ ಹೆಸರು ಸೇರಿಸಬಹುದು. ಮುಂದಿನ ಸ್ಥಳೀಯ ಚುನಾವಣೆ 2029ರಲ್ಲಿ. ಅಷ್ಟರಲ್ಲಿ ಅವಳ ಬಡಾವಣೆಯಲ್ಲಿ ಯಾರು ಮನೆ ಕಟ್ಟಿಸುವ ಮಾತಾಡುತ್ತಾರೆ, ಯಾರು ಅದಕ್ಕೆ ಅಡ್ಡ ನಿಲ್ಲುತ್ತಾರೆ ಎಂದು ಗಮನಿಸಿಟ್ಟುಕೊಳ್ಳಲು ಹೇಳಿ.